ರೀಫಿನ ನೆತ್ತಿಯ ಮೇಲೆ ಎಷ್ಟು ನೀರು?

ಮಾನ್ಯ ಸಂಪಾದಕರೇ,

ಕಡಲ್ಕೊರೆತದ ಸುದ್ದಿ ಬಂದಾಗಲೆಲ್ಲ ‘ದಡಕ್ಕೆ ಕಲ್ಲು ಸುರಿದದ್ದು ಸಾಕು, ಕೃತಕ ರೀಫ್ (ಕಡಲ ತಳದಲ್ಲಿ ನೀರಡಿಯಲ್ಲೇ ಕಟ್ಟುವ ದಿಬ್ಬ) ಹಾಕಿಸಿ’ ಎಂಬ ಬೇಡಿಕೆ ಕೇಳಿಬರುತ್ತದೆ. ಬೇಡಿಕೆ ತಪ್ಪಲ್ಲ. ಆದರೆ ಮೀನು ಹೆಚ್ಚಲೆಂದು ಮುಳುಗಿಸುವ ಕಾಂಕ್ರೀಟ್ ಗೂಡುಗಳಿಗೂ ದಡ ಕಾಯುವ ರೀಫಿಗೂ ಹೆಸರು ಒಂದೇ ಆಗಿರುವುದರಿಂದ ಗೊಂದಲವಾಗುತ್ತಿದೆ. 15 ಮೀಟರ್ ಆಳದಲ್ಲಿ ಕೂತ 2 ಮೀಟರ್ ಎತ್ತರದ ಗೂಡನ್ನು ಅಲೆ ಲೆಕ್ಕಕ್ಕೇ ಇಡದೆ ದಾಟಿಹೋಗುತ್ತದೆ. ಮೀನು ಸೇರಬಹುದು, ದಡದ ಮರಳು ಮಾತ್ರ ಉಳಿಯದು.

ದಡ ಕಾಯುವ ರೀಫಿನ ಕೆಲಸ ಅಲೆಯನ್ನು ದೂರದಲ್ಲೇ ಒಡೆಯುವುದು. ಅಲೆಯ ಎತ್ತರ ನೀರಿನ ಆಳದ ಸುಮಾರು 0.78ರಷ್ಟಾದಾಗ ಅದು ಒಡೆಯುತ್ತದೆ; ಅಂದರೆ 2 ಮೀಟರ್ ಅಲೆ ಒಡೆಯಲು ಆಳ ಸುಮಾರು ಎರಡೂವರೆ ಮೀಟರಿಗೆ ಇಳಿಯಬೇಕು. ಅಲೆಯ ಎತ್ತರ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಲಾಭ ಇರುವುದು ಇಲ್ಲಿ, ಎಡವುವುದೂ ಇಲ್ಲೇ. ಇಳಿತದಲ್ಲಿ ರೀಫಿನ ನೆತ್ತಿಯ ಮೇಲೆ 1 ಮೀಟರ್ ನೀರಿದೆ ಎಂದುಕೊಳ್ಳಿ. ಉಬ್ಬರದಲ್ಲಿ ಒಂದೂವರೆ ಮೀಟರ್ ಏರಿತು, ಬಿರುಗಾಳಿ ಇನ್ನೊಂದು ಮೀಟರ್ ನೀರನ್ನು ದಡದತ್ತ ಒತ್ತಿತು, ಒಟ್ಟು 3.5 ಮೀಟರ್. ಆಗ 2.5 ಮೀಟರ್ ಅಲೆಯೂ ರೀಫಿನ ಮೇಲೆ ಒಡೆಯದೆ ಸಾಗಿ ನೇರ ದಡಕ್ಕೆ ಬಡಿಯುತ್ತದೆ. ಯಾವ ದಿನ ರೀಫ್ ಬೇಕೋ ಅದೇ ದಿನ ಅದು ಕೈಕೊಡುವುದು ಹೀಗೆ. ನೆತ್ತಿ ಅಗಲವಾಗಿ, ಒರಟಾಗಿದ್ದರೆ ಒಂದಿಷ್ಟು ಶಕ್ತಿ ಅಲ್ಲಿ ಕರಗುತ್ತದೆ. ಕಿರಿದಾದ ಗೋಡೆಯಂಥ ರೀಫಿನಿಂದ ಅದೂ ಇಲ್ಲ. ಇಳಿತದ ಹೊತ್ತಿನ ಫೋಟೊ ತೋರಿಸಿ ಮೆಚ್ಚುಗೆ ಗಿಟ್ಟಿಸುವವರ ಹತ್ತಿರ ಹುಣ್ಣಿಮೆ ಉಬ್ಬರದ ಫೋಟೊವನ್ನೂ ಕೇಳಬೇಕು.

ಇನ್ನೊಂದು ತೊಂದರೆ ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಅಲೆಗಳು ರೀಫ್ ದಾಟಿಸಿ ಸುರಿದ ನೀರು ಹಿಂಬದಿಯಲ್ಲಿ ತುಂಬಿಕೊಳ್ಳುತ್ತದೆ. ಬಂದ ದಾರಿಯಲ್ಲೇ ವಾಪಸಾಗಲು ಬೆನ್ನಹಿಂದೆಯೇ ಬರುವ ಅಲೆಗಳು ಬಿಡುವುದಿಲ್ಲ. ಹಾಗಾಗಿ ಅದು ದಡದ ಗುಂಟ ಎರಡೂ ತುದಿಗಳತ್ತ ಹರಿಯುತ್ತದೆ, ಹರಿಯುವಾಗ ಮರಳನ್ನೂ ಒಯ್ಯುತ್ತದೆ. ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ 1992–93ರಲ್ಲಿ ಕಾಂಕ್ರೀಟ್ ತುಂಡುಗಳನ್ನು ಸಾಲಾಗಿ ಜೋಡಿಸಿದಾಗ ಇದೇ ಆಯಿತು. ತುಂಡುಗಳು ಮರಳಲ್ಲಿ ಹೂತು ತಗ್ಗಿದವು, ಹಿಂಬದಿಯ ದಡ ಮೊದಲಿಗಿಂತ ಹೆಚ್ಚು ಕೊರೆಯಿತು, 1995ರಲ್ಲಿ ಎಲ್ಲವನ್ನೂ ಕಿತ್ತು ತೆಗೆಯಬೇಕಾಯಿತು. ರೀಫ್ ದಡಕ್ಕೆ ತೀರಾ ಹತ್ತಿರವಿದ್ದಷ್ಟೂ ಈ ಅಪಾಯ ಜಾಸ್ತಿ. ಅಲೆ ಒಡೆಯುವ ಸಹಜ ಪಟ್ಟಿಯ ಅಗಲ ಎಷ್ಟಿದೆಯೋ ದಡದಿಂದ ಅದರ ಒಂದೂವರೆಯಷ್ಟು ದೂರಕ್ಕಿಂತ ಆಚೆ ರೀಫ್ ಕೂರಿಸಿದರೆ ದಡದ ಬಳಿಯ ಹರಿವು ಒಳಮುಖವಾಗಿ ತಿರುಗಿ ಮರಳು ಸೇರುವ ಸಂಭವ ಹೆಚ್ಚು ಎಂಬುದು ಮಾದರಿ ಅಧ್ಯಯನಗಳಿಂದ ಗೊತ್ತಾಗಿರುವ ಅಂದಾಜು. ಅದು ಮೊದಲ ಅಳತೆ ಅಷ್ಟೇ. ಪ್ರತಿ ಜಾಗಕ್ಕೂ ಅಲೆಯ ದಿಕ್ಕು, ಅವಧಿ (ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯುವ ಹೊತ್ತು) ಹಾಕಿ ಬೇರೆಯೇ ಲೆಕ್ಕ ಮಾಡಬೇಕು.

ಕಲ್ಲಿನ ರೀಫಾದರೆ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು ಭಾರವಿರಬೇಕು. ಹೊರಮೈಯ ದೊಡ್ಡ ಕಲ್ಲು ಎರಡು ಪದರ, ಅದರಡಿ ಸುಮಾರು ಹತ್ತನೇ ಒಂದರಷ್ಟು ತೂಕದ ಕಲ್ಲು, ಎಲ್ಲಕ್ಕೂ ಕೆಳಗೆ ನೀರನ್ನು ಹಾಯಗೊಟ್ಟು ಮರಳನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಗೆ ದುಡ್ಡು ಉಳಿಸಿದರೆ ಸಂದುಗಳಲ್ಲಿ ಮರಳು ಜಾರಿ, ರೀಫ್ ತನ್ನ ಭಾರಕ್ಕೇ ಕುಸಿಯುತ್ತದೆ. ಅರ್ಧ ಮೀಟರ್ ಕುಸಿದರೂ ಮೇಲೆ ಹೇಳಿದ ನೆತ್ತಿಯ ಲೆಕ್ಕ ತಲೆಕೆಳಗು. ಬುಡದಲ್ಲಿ ಸುಳಿ ಕೊರೆಯುವುದರಿಂದ ಕಲ್ಲಿನ ಹಾಸನ್ನು ರೀಫಿನ ಅಂಚಿನಾಚೆಗೂ ಚಾಚಬೇಕು.

ಮರಳು ತುಂಬಿದ ಜಿಯೋಟೆಕ್ಸ್‌ಟೈಲ್ ಚೀಲಗಳು ಅಗ್ಗ, ತೆಗೆಯುವುದೂ ಸುಲಭ. ಆದರೆ ದೋಣಿಯ ಲಂಗರು ಒಮ್ಮೆ ಸಿಕ್ಕಿ ಅಂಗೈಯಗಲ ಹರಿದರೂ ಸಾಕು. ಪ್ರತಿ ಅಲೆಗೂ ಬಟ್ಟೆ ಉಸಿರಾಡಿದಂತೆ ಉಬ್ಬಿ ತಗ್ಗುತ್ತ ಆ ಬಾಯಿಂದ ಮರಳು ಉಗುಳುತ್ತದೆ, ಕೊನೆಗೆ ಉಳಿಯುವುದು ಸಪ್ಪಟೆ ಚೀಲ. ಹೊಲಿಗೆಯೂ ಅಷ್ಟೇ ದುರ್ಬಲ ಜಾಗ. ಹಳೆ ಟೈರುಗಳ ಮಾತಂತೂ ಬೇಡ: ಫ್ಲಾರಿಡಾದಲ್ಲೇ 1970ರ ದಶಕದಲ್ಲಿ ಮುಳುಗಿಸಿದ ಸುಮಾರು 20 ಲಕ್ಷ ಟೈರುಗಳು ಕಟ್ಟು ಬಿಚ್ಚಿಕೊಂಡು ಪಕ್ಕದ ಹವಳಕ್ಕೆ ಬಡಿದವು.

ರೀಫ್ ಮರಳನ್ನು ಹುಟ್ಟಿಸುವುದಿಲ್ಲ. ಸಾಗುತ್ತಿದ್ದ ಮರಳನ್ನು ತಡೆದು ತನ್ನ ಹಿಂದೆ ನಿಲ್ಲಿಸಿಕೊಳ್ಳುತ್ತದೆ, ಆ ಪಾಲು ಮುಂದಿನ ದಡಕ್ಕೆ ತಪ್ಪುತ್ತದೆ. ಆದ್ದರಿಂದ ಹಿಂಬದಿಯಲ್ಲಿ ಸೇರಬೇಕಾದ ಮರಳನ್ನು ಮೊದಲೇ ಹೊರಗಿನಿಂದ ತಂದು ತುಂಬಬೇಕು. ಅದರ ಕಾಳು ಇದ್ದ ಮರಳಿನಷ್ಟಾದರೂ ದಪ್ಪವಿರಬೇಕು. ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನ ನ್ಯಾರೊನೆಕ್‌ನಲ್ಲಿ ಚೀಲಗಳ ರೀಫ್ ಕಟ್ಟಿದ ಯೋಜನೆಯಲ್ಲೇ ಆ ದಡಪಟ್ಟಿಗೆ 10 ಲಕ್ಷ ಘನ ಮೀಟರಿಗೂ ಹೆಚ್ಚು ಮರಳು ಹಾಕಲಾಗಿತ್ತು. ಬೀಚ್ ಅಗಲವಾದದ್ದಕ್ಕೆ ಎಲ್ಲ ಹೊಗಳಿಕೆ ರೀಫಿಗೇ ಹೋಗುತ್ತದೆ, ಮರಳಿನ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಪುದುಚೇರಿಯಲ್ಲಿ 1989ರಲ್ಲಿ ಬಂದರಿನ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಗೋಡೆ) ಬಂದ ಮೇಲೆ ಉತ್ತರಕ್ಕೆ ಸಾಗುತ್ತಿದ್ದ ಮರಳಿಗೆ ತಡೆಬಿದ್ದು ನಗರದ ಬೀಚ್ ಕರಗಿತ್ತು. ಮುಂದೆ ಅಲ್ಲಿ ಉಕ್ಕಿನ ರೀಫ್ ಕೂರಿಸಿದಾಗಲೂ ಜೊತೆಗೆ ಮರಳು ಸುರಿಯಬೇಕಾಯಿತು.

ಆದ್ದರಿಂದ ಟೆಂಡರ್ ಕರೆಯುವ ಮೊದಲೇ ಇಷ್ಟನ್ನು ಸಾರ್ವಜನಿಕರ ಮುಂದಿಡಬೇಕು: ಅತಿ ಹೆಚ್ಚಿನ ಉಬ್ಬರದಲ್ಲಿ ನೆತ್ತಿಯ ಮೇಲಿನ ನೀರು, ದಡದಿಂದ ದೂರ, ನಿರೀಕ್ಷಿತ ಕುಸಿತ, ತುಂಬುವ ಮರಳಿನ ಪ್ರಮಾಣ, ಕನಿಷ್ಠ ಒಂದು ಪೂರ್ತಿ ವರ್ಷದ ಅಲೆಯ ದಾಖಲೆ. ಕಡಲು ಅಬ್ಬರಿಸುವ ಕಾಲದ ಮೊದಲೊಮ್ಮೆ ನಂತರವೊಮ್ಮೆ ತಳದ ಅಳತೆ ನಡೆಯಬೇಕು, ಅದೂ ರೀಫಿನ ಹಿಂದಷ್ಟೇ ಅಲ್ಲ, ಎರಡೂ ಬದಿಯ ದಡಗಳಲ್ಲಿ. ಆ ಅಳತೆಯ ಖರ್ಚು ಮತ್ತು ಚೀಲ, ಕಲ್ಲು ಬದಲಿಸುವ ಖರ್ಚು ಮೂಲ ಅಂದಾಜುಪಟ್ಟಿಯಲ್ಲೇ ಇರಲಿ.

ಇಂತಿ,
ಕರಾವಳಿ ಕಾಮಗಾರಿ ಬಲ್ಲ ಕೆಲವು ಓದುಗರು