ಕುಳಿತು ನೋಡಲು ಬಿಟ್ಟವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಿರಿಯರು ಮೊಬೈಲನ್ನು ಹೇಗೆ ಬಳಸುತ್ತಾರೆ ಎಂದು ಅವರ ಮನೆಗಳಲ್ಲೇ ಕುಳಿತು ನೋಡಿ, ಹಣ ಕಳುಹಿಸುವ ಆ್ಯಪ್‌ನ ಮಾದರಿಯೊಂದನ್ನು ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ಪ್ರಬಂಧದ ಮೊದಲ ಪುಟದಲ್ಲಿ ಮಾರ್ಗದರ್ಶಕರು, ಗ್ರಂಥಾಲಯದವರು ಎಲ್ಲರೂ ಇದ್ದಾರೆ. ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ನಿಮ್ಮ ಹೆಸರುಗಳು ಮಾತ್ರ ಸಂಶೋಧನೆಯ ನಿಯಮದಂತೆ ಅಲ್ಲಿ ಬರುವಂತಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಓದಿದರೆ ಯಾರು ಯಾರೆಂದು ನಿಮಗೇ ತಿಳಿಯುತ್ತದೆ.

ಪ್ರಶ್ನಾವಳಿ ಹಿಡಿದು ಕೇಳಿದರೆ ನೀವು ಯಾರೂ ತೊಂದರೆ ಹೇಳುವವರಲ್ಲ. "ಎಲ್ಲ ಚೆನ್ನಾಗಿದೆಯಮ್ಮ, ನೀನು ಮೊದಲು ಕಾಫಿ ಕುಡಿ." ಅದೇ ಮನೆಯಲ್ಲಿ ಅರ್ಧ ದಿನ ಕುಳಿತರೆ ಕಾಣುವುದೇ ಬೇರೆ. ಒಟಿಪಿ ಬಂದಾಗ ಕನ್ನಡಕ ದೇವರ ಕೋಣೆಯಲ್ಲಿರುತ್ತದೆ. ಅದನ್ನು ತಂದು, ಸಂದೇಶ ತೆರೆದು, ಆರು ಅಂಕಿಗಳನ್ನು ಪಂಚಾಂಗದ ಅಂಚಿನಲ್ಲಿ ಬರೆದುಕೊಂಡು ಮರಳುವಷ್ಟರಲ್ಲಿ ಪುಟ ಮತ್ತೆ ಮೊದಲಿನಿಂದ ಶುರುಮಾಡಿ ಎನ್ನುತ್ತದೆ. ಬೆರಳು ತುಸು ಹೆಚ್ಚು ಹೊತ್ತು ನಿಂತರೆ ಫೋನು ಅದನ್ನು ಒತ್ತಿ ಹಿಡಿದದ್ದೆಂದು ಭಾವಿಸಿ ಇನ್ನೇನನ್ನೋ ತೆರೆಯುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡರೆ ಒತ್ತಕ್ಷರದ ಬುಡ ಕತ್ತರಿಸಿಹೋಗಿ, 'ಮುಂದೆ' ಎಂಬ ಗುಂಡಿ ಪರದೆಯ ಆಚೆಗೆ ಸರಿಯುತ್ತದೆ. ದೊಡ್ಡ ಅಕ್ಷರ ಕೊಟ್ಟರೆ ಮುಗಿಯಿತು ಎನ್ನುವ ವಿನ್ಯಾಸಕಾರರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ.

"ನನ್ನ ಬುದ್ಧಿಗೇ ಮಂಕು" ಎನ್ನುತ್ತಿದ್ದ ನಿವೃತ್ತ ಮೇಡಂ, ನಿಮಗೆ ಲೂಸಿ ಸಚ್‌ಮನ್ ಕಥೆ ಹೇಳಿದ್ದೆ. 1980ರ ದಶಕದ ಆರಂಭದಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಕೇಂದ್ರದಲ್ಲಿ ಈ ಮಾನವಶಾಸ್ತ್ರಜ್ಞೆ ನಕಲು ಯಂತ್ರದ ಮುಂದೆ ಹೆಣಗುವವರನ್ನು ಚಿತ್ರೀಕರಿಸಿದರು. ಹೆಣಗಿದವರಲ್ಲಿ ಕೃತಕ ಬುದ್ಧಿಮತ್ತೆಯ ಪ್ರವರ್ತಕ ಅಲೆನ್ ನ್ಯೂವೆಲ್ ಕೂಡ ಒಬ್ಬರು! ಅಂದು ನಕ್ಕ ನೀವು ಮತ್ತೆಂದೂ ಆ ಮಾತು ಆಡಲಿಲ್ಲ.

"ನಮ್ಮನ್ನು ನೋಡಿದ್ದಕ್ಕೆ ಡಾಕ್ಟರೇಟ್ ಕೊಡುತ್ತಾರೆಯೇ?" ಎಂದು ಕೇಳಿದ ರಾಯರಿಗೂ ವಂದನೆ. ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿ ಮಾಡಿದ್ದೂ ಇದನ್ನೇ ಎಂದಾಗ ಸುಮ್ಮನಾದಿರಿ. ಒಪ್ಪಿಗೆ ಪತ್ರವನ್ನು ಮಾತ್ರ ಎರಡು ಸಲ ಓದದೆ ಸಹಿ ಹಾಕಲಿಲ್ಲ.

ತರಕಾರಿ ಅಂಗಡಿಯಲ್ಲಿ ಪರದೆಯ ಹಸಿರು ಗುರುತನ್ನು ನಂಬದೆ, ಅಂಗಡಿಯ ಪೆಟ್ಟಿಗೆ "ನಲವತ್ತು ರೂಪಾಯಿ" ಎಂದು ಕೂಗುವವರೆಗೂ ಚೀಲ ಎತ್ತದ ಅಜ್ಜಿಯ ಋಣ ದೊಡ್ಡದು. ಕಳುಹಿಸುವ ಮೊದಲೇ ಹೆಸರು, ಮೊತ್ತ ಎರಡನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ಅವಸರಪಡಿಸದೆ ಕಾಯುವ ನಮ್ಮ ಪುಟ ಅವರದೇ ವಿನ್ಯಾಸ. ನಿಜವಾದ ದುಡ್ಡಿಲ್ಲದೆ ಅಭ್ಯಾಸ ಮಾಡುವ ಪುಟ ಬೇಕೆಂದು ಪಟ್ಟು ಹಿಡಿದವರು ಬ್ಯಾಂಕಿನ ನಿವೃತ್ತ ಕ್ಯಾಷಿಯರ್. "ಸೊಸೆಯ ಕೈಗೆ ಫೋನು ಕೊಟ್ಟರೆ ಮಗಳಿಗೆ ಕಳುಹಿಸಿದ್ದೂ ಕಾಣುತ್ತದೆ" ಎಂದವರು ಯಾರೆಂದು ಹೇಳಲಾರೆ. ವ್ಯವಹಾರದ ಪಟ್ಟಿಗೆ ಬೇರೆ ಬೀಗವೇಕೆ ಎಂದು ಪರೀಕ್ಷಕರು ಕೇಳಿದಾಗ ಆ ಮಾತನ್ನೇ ಉತ್ತರವಾಗಿ ಕೊಟ್ಟೆ. ಮುಂದಿನ ಪ್ರಶ್ನೆ ಬರಲಿಲ್ಲ.

ಜಗಲಿಯಿಂದಲೇ ಕೈಮುಗಿದು ಕಳುಹಿಸಿದವರಿಗೂ ಕೃತಜ್ಞತೆಗಳು. ಬೇಡ ಎನ್ನುವ ಹಕ್ಕು ಒಪ್ಪಿಗೆ ಪತ್ರದಲ್ಲೇ ಇತ್ತು.

ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ತಿಂಗಳು ನವೆಂಬರ್. ಬೆರಳ ಗೆರೆ ಸವೆದು ಯಂತ್ರ ಒಪ್ಪದಿದ್ದರೆ, 2021ರಿಂದ ಫೋನಿಗೆ ಮುಖ ತೋರಿಸಿಯೂ ಅದನ್ನು ಪಡೆಯಬಹುದು. ಸಹಾಯ ಬೇಕಾದವರು ಹೇಳಿಕಳುಹಿಸಿ, ಮನೆಗೇ ಬರುತ್ತೇನೆ. ಪ್ರಬಂಧದ ಕನ್ನಡ ಸಾರಾಂಶವನ್ನೂ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿಸಿ ತರುತ್ತೇನೆ. ಮೇಡಂ, ನಿಮ್ಮ ಕೆಂಪು ಪೆನ್ನು ಸಿದ್ಧವಿರಲಿ.