ನೆಲದ ಮೇಲಿರುವವರ ನಿದ್ದೆಗೂ ಒಂದು ನಿಯಮ ಬೇಕು: ಸಂಸದ ಡಾ. ಕೆ. ಸುಧಾಕರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಾದ ಡಾ. ಕೆ. ಸುಧಾಕರ್ ಅವರಿಗೆ,

ನಮಸ್ಕಾರ ಸರ್.

ದೇವನಹಳ್ಳಿ ನಿಮ್ಮ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಹಾಗಾಗಿ ಕೆಂಪೇಗೌಡ ವಿಮಾನ ನಿಲ್ದಾಣದ ಒಳಗೆ ದುಡಿಯುವವರ ಮಾತನ್ನು ದಿಲ್ಲಿಯಲ್ಲಿ ಎತ್ತಬೇಕಾದವರು ನೀವೇ ಅಂತ ಈ ಪತ್ರ ಬರೆಯುತ್ತಿದ್ದೇನೆ. ನಾನು ರ‍್ಯಾಂಪ್‌ನಲ್ಲಿ, ಅಂದರೆ ವಿಮಾನ ಬಂದು ನಿಲ್ಲುವ ಜಾಗದಲ್ಲಿ ಕೆಲಸ ಮಾಡುವವನು. ಕಿಟಕಿ ಪಕ್ಕ ಕೂತು ಕೆಳಗೆ ನೋಡಿದರೆ ಮಿಂಚುವ ಜಾಕೆಟ್ ಹಾಕಿ, ಕಿವಿ ಮುಚ್ಚಿಕೊಂಡು ಓಡಾಡುವವರು ಕಾಣಿಸ್ತಾರಲ್ಲ, ಅವರಲ್ಲೊಬ್ಬ. ಹೆಸರು ಹಾಕಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಂಬಳದ ಮಾತಿಗೂ ಬರುತ್ತೇನೆ. ಮೊದಲು ನಿದ್ದೆಯ ವಿಚಾರ.

ಪೈಲಟ್‌ಗಳು, ಕ್ಯಾಬಿನ್ ಸಿಬ್ಬಂದಿ ಎಷ್ಟು ಹೊತ್ತು ಕೆಲಸ ಮಾಡಬಹುದು, ಎಷ್ಟು ಹೊತ್ತು ವಿಶ್ರಾಂತಿ ಪಡೆಯಲೇಬೇಕು ಅನ್ನೋದಕ್ಕೆ ಡಿಜಿಸಿಎ, ಅಂದರೆ ವಿಮಾನಯಾನದ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆಯ ನಿಯಮ ಇದೆ. ಎಫ್‌ಡಿಟಿಎಲ್ ಅಂತ ಕರೀತಾರೆ. 2024ರ ಜನವರಿಯಲ್ಲಿ ಪೈಲಟ್‌ಗಳಿಗೆ ಅದನ್ನು ಇನ್ನಷ್ಟು ಬಿಗಿ ಮಾಡಿದರು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಸಾಕಷ್ಟು ಎಳೆದಾಟ ನಡೆದು, ವಿಷಯ ಕೋರ್ಟಿಗೂ ಹೋಗಿ, ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಕಂತಿನಲ್ಲಿ ಜಾರಿಯಾಯಿತು. ಡಿಸೆಂಬರ್‌ನಲ್ಲಿ ಏನಾಯಿತು ಅಂತ ದೇಶವೇ ನೋಡಿತು. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಇಂಡಿಗೋದ ಸಾವಿರಾರು ವಿಮಾನ ರದ್ದಾದವು. ಡಿಜಿಸಿಎ ಆ ಕಂಪನಿಗೆ ಕೆಲವು ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಟಿವಿಯಲ್ಲಿ ದಿನವಿಡೀ ಪೈಲಟ್‌ಗಳ ದಣಿವಿನದೇ ಚರ್ಚೆ. ಒಳ್ಳೆಯದೇ. ನಿದ್ದೆಗೆಟ್ಟ ಪೈಲಟ್ ಓಡಿಸುವ ವಿಮಾನ ನಾನೂ ಹತ್ತಲ್ಲ. ಆದರೆ ಆ ದಿನಗಳಲ್ಲಿ ಕೌಂಟರ್ ಹಿಂದೆ ನಿಂತು ಬೈಗುಳ ತಿಂದ ಹುಡುಗ ಹುಡುಗಿಯರು ಎಷ್ಟು ಗಂಟೆಯಿಂದ ನಿಂತಿದ್ದರು? ಯಾರೂ ಕೇಳಲಿಲ್ಲ. ಎಫ್‌ಡಿಟಿಎಲ್ ಹಾರುವವರಿಗೆ ಮಾತ್ರ. ನೆಲದ ಮೇಲಿರುವವರು ಅದರ ಲೆಕ್ಕದಲ್ಲೇ ಇಲ್ಲ.

ನೆಲದ ಮೇಲೆ ಏನಿದೆ ಮಹಾ ಕೆಲಸ ಅಂತ ಕೆಲವರಿಗೆ ಅನಿಸಬಹುದು. ಬೆಳಗಿನ ಜಾವ ನಾಲ್ಕು ಗಂಟೆಗೆ ಒಂದು ಎ320 ವಿಮಾನ ತಾನು ನಿಲ್ಲುವ ಜಾಗಕ್ಕೆ, ಅಂದರೆ ‘ಬೇ’ಗೆ ಬಂತು ಅಂದುಕೊಳ್ಳಿ. ಮತ್ತೆ ಹೊರಡೋಕೆ ಅರ್ಧ ಗಂಟೆ ಸಮಯ. ಚಕ್ರ ಉರುಳದ ಹಾಗೆ ಚಾಕ್ ಅನ್ನೋ ತಡೆ ಇಡಬೇಕು, ಕೋನ್ ಜೋಡಿಸಬೇಕು, ಬಂದ ಲಗೇಜ್ ಇಳಿಸಬೇಕು, ಹೋಗುವುದನ್ನು ಹತ್ತಿಸಬೇಕು. ವಿಮಾನದ ಹೊಟ್ಟೆಯೊಳಗೆ ಎದ್ದು ನಿಲ್ಲೋಕಾಗಲ್ಲ ಸರ್. ಲೋಡರ್ ಮೊಣಕಾಲೂರಿಕೊಂಡೇ ಒಂದೊಂದು ಸೂಟ್‌ಕೇಸ್ ಎಳೆದು ಜೋಡಿಸಬೇಕು. ಇನ್ನೇನು ಬಾಗಿಲು ಮುಚ್ಚಬೇಕು ಅನ್ನುವಾಗ ಮೇಲಿಂದ ಸುದ್ದಿ ಬರುತ್ತದೆ: ಚೆಕ್-ಇನ್ ಮಾಡಿದ ಒಬ್ಬ ಪ್ರಯಾಣಿಕ ಗೇಟಿಗೆ ಬಂದಿಲ್ಲ. ಭದ್ರತೆಯ ನಿಯಮದ ಪ್ರಕಾರ ಅವರ ಬ್ಯಾಗ್ ಇಳಿಸಲೇಬೇಕು. ನೂರಕ್ಕೂ ಹೆಚ್ಚು ಬ್ಯಾಗ್ ನಡುವೆ ಟಾರ್ಚ್ ಬಿಟ್ಟುಕೊಂಡು, ಟ್ಯಾಗ್ ನಂಬರಿನ ಕೊನೆಯ ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹುಡುಕಬೇಕು. ಅಷ್ಟರಲ್ಲಿ ಲೋಡ್ ಕಂಟ್ರೋಲ್‌ನಲ್ಲಿ ಕೂತವರು ತೂಕದ ಲೆಕ್ಕ ತಿದ್ದುತ್ತಿರುತ್ತಾರೆ. ಮುಂದೆ ಎಷ್ಟು ತೂಕ, ಹಿಂದೆ ಎಷ್ಟು ಅನ್ನೋ ಲೋಡ್ ಶೀಟ್ ಕೈಗೆ ಬಾರದೆ ಕ್ಯಾಪ್ಟನ್ ಹೊರಡುವ ಹಾಗಿಲ್ಲ. ಆ ಲೆಕ್ಕ ತಪ್ಪಿದರೆ ವಿಮಾನ ಮೇಲೇಳುವಾಗ ಮೂತಿ ಭಾರ ಅಥವಾ ಬಾಲ ಭಾರ. 48 ಗಂಟೆ ವಿಶ್ರಾಂತಿ ಪಡೆದು ಬಂದ ಪೈಲಟ್, ಹನ್ನೆರಡನೇ ಗಂಟೆ ದಾಟಿದ ಡ್ಯೂಟಿಯಲ್ಲಿರುವವರು ಮಾಡಿದ ಲೆಕ್ಕವನ್ನು ನಂಬಿಕೊಂಡು ಹಾರುತ್ತಾರೆ.

ಇದು ಬರೀ ನನ್ನ ಭಯ ಅಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮ ನಿಲ್ದಾಣದಲ್ಲೇ, ನಿಂತಿದ್ದ ವಿಮಾನವೊಂದಕ್ಕೆ ಸಿಬ್ಬಂದಿಯನ್ನು ಸಾಗಿಸುವ ಟೆಂಪೋ ಟ್ರಾವೆಲರ್ ಹೋಗಿ ಗುದ್ದಿತು. ಚಾಲಕ ತೂಕಡಿಸಿದ್ದ ಅಂತ ಆಗ ವರದಿಯಾಗಿತ್ತು. ಹಗಲು ಹೊತ್ತು, ಖಾಲಿ ವಿಮಾನ. ದೊಡ್ಡ ಅನಾಹುತ ಆಗಲಿಲ್ಲ. ಫೋಟೊ ಎಲ್ಲರ ಮೊಬೈಲಿಗೂ ಬಂತು, ನಾಲ್ಕು ಜನ ನಕ್ಕರು, ಮರೆತರು.

ಡಬಲ್ ಡ್ಯೂಟಿ ಹೇಗೆ ಆಗುತ್ತದೆ ಅಂತಲೂ ಹೇಳುತ್ತೇನೆ. ಯಾರೂ ಬರೆದು ಆದೇಶ ಕೊಡಲ್ಲ. ಚಳಿಗಾಲದಲ್ಲಿ ದೇವನಹಳ್ಳಿ ಮಂಜು ನಿಮಗೆ ಗೊತ್ತೇ ಇದೆ. ಬೆಳಗಿನ ವಿಮಾನಗಳು ಸಾಲಾಗಿ ತಡವಾಗುತ್ತವೆ. ಆರು ಗಂಟೆಗೆ ಮುಗಿಯಬೇಕಾದ ರಾತ್ರಿ ಪಾಳಿ ಒಂಬತ್ತಾದರೂ ಮುಗಿಯಲ್ಲ. ಬರಬೇಕಾದ ಒಬ್ಬ ಬರಲಿಲ್ಲ ಅಂದರೆ, ‘ಮಗಾ, ಕಂಟಿನ್ಯೂ ಮಾಡ್ತೀಯಾ?’ ಅಂತ ಶಿಫ್ಟ್ ಇನ್‌ಚಾರ್ಜ್ ಕೇಳುತ್ತಾರೆ. ಅದು ಪ್ರಶ್ನೆ ಥರ ಕೇಳಿಸುತ್ತದೆ ಅಷ್ಟೇ. ಒಲ್ಲೆ ಅಂದವನ ಮುಂದಿನ ವಾರದ ರೋಸ್ಟರ್ ನೋಡಿದರೆ ಉತ್ತರ ಸಿಗುತ್ತದೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಜಾಸ್ತಿ ಮಾಡಿದ ಗಂಟೆಗೆ ದುಡ್ಡಿನ ಬದಲು ಕಾಂಪ್-ಆಫ್, ಅಂದರೆ ಬದಲಿ ರಜೆ ಬರೆದುಕೊಳ್ಳುತ್ತಿದ್ದರು. ರಜೆ ಕೇಳಿದಾಗ ಜನ ಇಲ್ಲ ಅಂತಿದ್ದರು. ತಿಂಗಳು ಕಳೆದರೆ ಅದು ತಾನಾಗೇ ಅಳಿದುಹೋಗುತ್ತಿತ್ತು.

ಇನ್ನು ಡಿಲೇ ಕೋಡ್ ಅನ್ನೋದೊಂದಿದೆ. ವಿಮಾನ ತಡವಾದರೆ ಕಾರಣಕ್ಕೆ ಎರಡಂಕಿಯ ಸಂಖ್ಯೆ ಬರೆಯಬೇಕು. 93 ಅಂದರೆ ವಿಮಾನ ಹಿಂದಿನ ಊರಿಂದಲೇ ತಡವಾಗಿ ಬಂತು ಅಂತ. 32 ಅಂದರೆ ಲೋಡಿಂಗ್ ತಡ, ಅಂದರೆ ನಮ್ಮ ತಪ್ಪು. 32 ಬಿದ್ದರೆ ನಮ್ಮ ಕಂಪನಿಗೆ ಕಿರಿಕಿರಿ, ಅದು ಮೇಲಿಂದ ಇಳಿದು ಬಂದು ಲೋಡರ್ ತಲೆ ಮೇಲೆ ನಿಲ್ಲುತ್ತದೆ. ಆರು ಜನ ಮಾಡುವ ಕೆಲಸವನ್ನು ನಾಲ್ಕು ಜನ ಮಾಡಿದ್ದರಿಂದ ತಡವಾಯಿತು ಅಂತ ಬರೆಯೋ ಧೈರ್ಯ ಶಿಫ್ಟ್‌ನಲ್ಲಿ ಯಾರಿಗೂ ಇಲ್ಲ.

ಕಾನೂನು ಇಲ್ಲ ಅಂತಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ, ಎಲ್ಲರಿಗೂ ನೇಮಕಾತಿ ಪತ್ರ ಅಂತೆಲ್ಲ ಇದೆ. ಆದರೆ ದೂರು ಎಲ್ಲಿ ಕೊಡಬೇಕು? ವಿಮಾನಯಾನ ಕೇಂದ್ರದ ವ್ಯಾಪ್ತಿಗೆ ಬರುತ್ತದೆ. ರಾಜ್ಯದ ಕಾರ್ಮಿಕ ಇಲಾಖೆಗೆ ಹೋದರೆ ಕೇಂದ್ರದ ಕಚೇರಿಗೆ ಹೋಗಿ ಅಂತಾರೆ. ಅಲ್ಲಿ ಹೋದರೆ ನಿಮ್ಮ ಮಾಲೀಕರು ಯಾರು ಅಂತ ಕೇಳ್ತಾರೆ. ವಿಮಾನ ಒಬ್ಬರದು, ನೆಲದ ಮೇಲಿನ ಕೆಲಸದ (ಹ್ಯಾಂಡ್ಲಿಂಗ್) ಗುತ್ತಿಗೆ ಇನ್ನೊಬ್ಬರದು, ನಮಗೆ ಸಂಬಳ ಹಾಕೋ ಏಜೆನ್ಸಿ ಮತ್ತೊಬ್ಬರದು. ಅದಕ್ಕಿಂತ ದೊಡ್ಡ ಕಷ್ಟ ಪಾಸ್. ಏರ್‌ಪೋರ್ಟ್ ಎಂಟ್ರಿ ಪಾಸ್ ಕಂಪನಿಯ ಹೆಸರಿನಲ್ಲಿ ಸಿಗುತ್ತದೆ. ಕೆಲಸ ಹೋದ ದಿನವೇ ಪಾಸ್ ವಾಪಸ್ ಕೊಡಬೇಕು. ಇನ್ನೊಂದು ಕಂಪನಿ ಸೇರಿದರೆ ಪೊಲೀಸ್ ಪರಿಶೀಲನೆ ಮತ್ತೆ ಮೊದಲಿಂದ. ಅದು ಬರುವ ತನಕ ಮನೇಲಿ ಕೂರಬೇಕು. ಪತ್ರದಲ್ಲಿ ಹೆಸರು ಯಾಕಿಲ್ಲ ಅಂತ ಈಗ ಅರ್ಥ ಆಯಿತಲ್ವಾ ಸರ್?

ಸಂಬಳಕ್ಕೆ ಬಂದೆ. 2024ರ ಜುಲೈನಲ್ಲಿ ಮುಂಬೈಯ ಕಲೀನಾದಲ್ಲಿ ವಿಮಾನ ನಿಲ್ದಾಣದ ಲೋಡರ್ ಕೆಲಸಕ್ಕೆ ಸಂದರ್ಶನ ಅಂದಾಗ ಕಾಲ್ತುಳಿತ ಆಗುವಷ್ಟು ಜನ ಸೇರಿದ್ದರು. ಸಾವಿರಾರು ಹುಡುಗರು, ಅದರಲ್ಲಿ ಡಿಗ್ರಿ ಮಾಡಿದವರೂ ಇದ್ದರು. ಕೊಡುತ್ತಿದ್ದದ್ದು ತಿಂಗಳಿಗೆ 20ರಿಂದ 25 ಸಾವಿರ, ಅದೂ ನಿಗದಿತ ಅವಧಿಯ ಗುತ್ತಿಗೆ. ಇಲ್ಲಿಯ ಕಥೆಯೂ ಹೆಚ್ಚೂಕಮ್ಮಿ ಅದೇ. ಇದರಲ್ಲಿ ಒಂದು ವಿಚಿತ್ರ ಇದೆ, ನೀವು ಡಾಕ್ಟರ್, ನಿಮಗೆ ಬೇಗ ಹೊಳೆಯುತ್ತದೆ. ಇಎಸ್ಐ ಸೌಲಭ್ಯಕ್ಕೆ ಸಂಬಳದ ಮಿತಿ 21,000 ರೂಪಾಯಿ. ಒಂದೆರಡು ಸಾವಿರ ಹೆಚ್ಚು ಸಿಕ್ಕವನು ಇಎಸ್ಐಯಿಂದ ಆಚೆ. ಸೊಂಟ, ಮೊಣಕಾಲು, ಕಿವಿ ಮೂರೂ ಸವೆಯುವ ಕೆಲಸದಲ್ಲಿ, ಸ್ವಲ್ಪ ಅನುಭವ ಬಂದು ಸ್ವಲ್ಪ ಸಂಬಳ ಏರಿದ ಮೇಲೆ ಆಸ್ಪತ್ರೆ ಬಾಗಿಲು ಮುಚ್ಚುತ್ತದೆ. ಇದ್ಯಾವ ಲೆಕ್ಕ?

ಸಂಬಳ ಏರದಿರುವುದಕ್ಕೆ ಇನ್ನೊಂದು ಕಾರಣ ಗುತ್ತಿಗೆ ಬದಲಾಗೋದು. ಏಜೆನ್ಸಿ ಬದಲಾದಾಗ ಕೆಲಸ ಅದೇ, ಬೇ ಅದೇ, ಲಗೇಜ್ ಹತ್ತಿಸುವ ಬೆಲ್ಟ್ ಲೋಡರ್ ಯಂತ್ರ ಕೂಡ ಅದೇ. ಸರ್ವೀಸ್ ಮಾತ್ರ ಸೊನ್ನೆಯಿಂದ ಶುರು. ಹೀಗಾಗಲೇಬೇಕು ಅಂತೇನಿಲ್ಲ. 2025ರ ಮೇನಲ್ಲಿ, ನಿಲ್ದಾಣಗಳಲ್ಲಿ ನೆಲದ ಮೇಲಿನ ಕೆಲಸ ನೋಡಿಕೊಳ್ಳುತ್ತಿದ್ದ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಕೇಂದ್ರ ರದ್ದು ಮಾಡಿದಾಗ, ಆ ಕಂಪನಿಯ ಕೆಲಸಗಾರರನ್ನು ಇದ್ದ ಷರತ್ತುಗಳ ಮೇಲೇ ಹೊಸ ಏಜೆನ್ಸಿಗೆ ಸೇರಿಸಿಕೊಳ್ಳುತ್ತೇವೆ ಅಂತ ಮುಂಬೈ ನಿಲ್ದಾಣ ನಡೆಸುವವರು ಪ್ರಕಟಿಸಿದರು. ಭದ್ರತೆಯ ತುರ್ತಿನಲ್ಲಿ ಸಾಧ್ಯವಾಗುವುದು ಮಾಮೂಲಿ ಟೆಂಡರ್‌ನಲ್ಲಿ ಯಾಕೆ ಆಗಲ್ಲ?

ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. ಆಗ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮಕ್ಕಳಿಗೆ ಕೆಲಸ ಸಿಗುತ್ತದೆ ಅಂತ. ಸಿಕ್ಕಿದೆ, ಸುಳ್ಳು ಹೇಳಬಾರದು. 2024-25ರಲ್ಲಿ ಇಲ್ಲಿಂದ 4 ಕೋಟಿ 18 ಲಕ್ಷಕ್ಕೂ ಹೆಚ್ಚು ಜನ ಓಡಾಡಿದ್ದಾರೆ. ಅಷ್ಟು ಜನರ ಲಗೇಜ್ ಯಾರಾದರೂ ಎತ್ತಲೇಬೇಕಲ್ಲ. ಹಾಲ್ಟ್ ಸ್ಟೇಷನ್ನಿನ ರೈಲು ನಮ್ಮ ಪಾಳಿಗೆ ಹೊಂದಲ್ಲ, ವಾಯುವಜ್ರ ಬಸ್ಸಿನ ಚಾರ್ಜ್ ದಿನಾ ಕೊಡೋಕಾಗಲ್ಲ ಅನ್ನೋದೆಲ್ಲ ಬೇರೆ ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ಅಮೆರಿಕದ ನಿಯಮದಲ್ಲಿ ವಿಮಾನಯಾನ ಕಂಪನಿಗಳ ಡಿಸ್ಪ್ಯಾಚರ್‌ಗಳಿಗೆ, ಅಂದರೆ ನೆಲದಲ್ಲೇ ಕೂತು ವಿಮಾನದ ದಾರಿ, ಇಂಧನ ನಿಗದಿ ಮಾಡುವವರಿಗೆ, ಒಂದೇ ಸಮ 10 ಗಂಟೆಗಿಂತ ಜಾಸ್ತಿ ಡ್ಯೂಟಿ ಹಾಕುವಂತಿಲ್ಲ. ಏಳು ದಿನದಲ್ಲಿ ಒಮ್ಮೆ ಪೂರ್ತಿ 24 ಗಂಟೆ ಬಿಡುವು ಕೊಡಬೇಕು. ಹಾರದವರಿಗೂ ಮಿತಿ ಹಾಕಬಹುದು ಅನ್ನೋದಕ್ಕೆ ಇಷ್ಟು ಸಾಕು.

ನಿಮ್ಮಿಂದ ಬೇಕಾಗಿರೋದು ಭಾಷಣ ಅಲ್ಲ ಸರ್. ಮುಂದಿನ ಅಧಿವೇಶನದಲ್ಲಿ ನಾಗರಿಕ ವಿಮಾನಯಾನ ಸಚಿವರಾದ ರಾಮಮೋಹನ್ ನಾಯ್ಡು ಅವರಿಗೆ ಒಂದು ಲಿಖಿತ ಪ್ರಶ್ನೆ. ನಿಮ್ಮ ಕಚೇರಿಗೆ ಸುಲಭವಾಗಲಿ ಅಂತ ನಾನೇ ಬರೆದಿದ್ದೇನೆ:

‘ಲೋಡಿಂಗ್, ಲೋಡ್ ಕಂಟ್ರೋಲ್, ಪುಷ್‌ಬ್ಯಾಕ್ (ವಿಮಾನವನ್ನು ಹಿಂದಕ್ಕೆ ತಳ್ಳುವುದು) ಮತ್ತು ರ‍್ಯಾಂಪ್ ವಾಹನ ಚಾಲನೆ ಮಾಡುವ ಸಿಬ್ಬಂದಿಗೆ, ಗುತ್ತಿಗೆಯವರೂ ಸೇರಿದಂತೆ, ಕೆಲಸದ ಗಂಟೆ ಮತ್ತು ಕಡ್ಡಾಯ ವಿಶ್ರಾಂತಿಯ ಮಿತಿಯನ್ನು ಡಿಜಿಸಿಎ ಯಾವಾಗ ಹೊರಡಿಸುತ್ತದೆ? ಗುತ್ತಿಗೆ ಬದಲಾದಾಗ ಅವರ ಸೇವಾವಧಿ ಮತ್ತು ಪಾಸ್ ಮುಂದುವರಿಯುವಂತೆ ಟೆಂಡರ್‌ನಲ್ಲೇ ಷರತ್ತು ಹಾಕಲಾಗುತ್ತದೆಯೇ? ಇಲ್ಲದಿದ್ದರೆ ಕಾರಣವೇನು?’

ಇಂತಿ,
ಕೆಂಪೇಗೌಡ ವಿಮಾನ ನಿಲ್ದಾಣದ ಒಬ್ಬ ರ‍್ಯಾಂಪ್ ಕೆಲಸಗಾರ