ಕೋಳಿ ಎಂಜೈಮ್ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ಕಾರಟಗಿ ಹತ್ತಿರ ನಮ್ಮದು ಎರಡು ಸಾವಿರ ಬ್ರಾಯ್ಲರ್ ಕೋಳಿಗಳ ಒಂದು ಶೆಡ್ ಇದೆ. ಕಂಪನಿ ಜೊತೆ ಒಪ್ಪಂದ ಇಲ್ಲ. ಮರಿ ನಾವೇ ತರುತ್ತೇವೆ, ಫೀಡ್ ನಾವೇ ಕಲಸುತ್ತೇವೆ. ಕೋಳಿಗೆ ಹಾಕುವ ನೂರು ರೂಪಾಯಿಯಲ್ಲಿ 65–70 ರೂಪಾಯಿ ಫೀಡಿಗೇ ಹೋಗುತ್ತದೆ, ಇದು ಕೋಳಿ ಸಾಕಿದ ಎಲ್ಲರಿಗೂ ಗೊತ್ತು. ಹಾಗಾಗಿ ಫೀಡಿನ ಕಿಲೋಗೆ ಒಂದು ರೂಪಾಯಿ ಉಳಿಸಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಚಹಾ ಕೊಟ್ಟು ಕೂರಿಸಿಕೊಂಡು ಕೇಳುತ್ತೇವೆ. ಹಾಗೆ ಕೇಳಿ ಹೋದ ಬೇಸಿಗೆಯಲ್ಲಿ ನನ್ನ ಒಂದು ಬ್ಯಾಚ್ ಹಾಳಾಯಿತು. ಬೇರೆಯವರಿಗೆ ಹೀಗಾಗಬಾರದು ಎಂದು ಈ ಪತ್ರ.

ಏಪ್ರಿಲ್ ತಿಂಗಳು. ಫೀಡ್ ಚೆನ್ನಾಗಿ ಅರಗಲು ಅದಕ್ಕೆ ಬೆರೆಸುವ ಎಂಜೈಮ್ ಪುಡಿ ಮಾರುವವರು ಒಬ್ಬರು ಬಂದಿದ್ದರು. "ಡಿಸಿಪಿ ಪೂರ್ತಿ ಬಿಟ್ಬಿಡ್ರಿ ಅಣ್ಣಾ, ಎಲ್ಲಾ ಇದ್ರಾಗೇ ಐತ್ರಿ" ಎಂದರು. ನಾನು ಟನ್‌ಗೆ 16 ಕಿಲೋ ಡಿಸಿಪಿ ಹಾಕುತ್ತಿದ್ದವನು ಅಷ್ಟನ್ನೂ ತೆಗೆದೆ. ಡಿಸಿಪಿ ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್, ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ರಂಜಕ (ಫಾಸ್ಫರಸ್) ಕೊಡುವ ಪುಡಿ. ಪೊಟ್ಟಣದ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರ. ಹದಿನೆಂಟನೇ ದಿನಕ್ಕೆ ಮರಿಗಳು ಎದ್ದು ನಿಲ್ಲಲಾರದೆ ಕಾಲು ಮಡಚಿ ಕೂರತೊಡಗಿದವು. ನೀರಿನ ಹತ್ತಿರ ಹೋಗಲಿಕ್ಕೂ ರೆಕ್ಕೆ ಊರಿ ತೆವಳುತ್ತಿದ್ದವು. ಪಶುವೈದ್ಯರು ಬಂದು ಒಂದು ಮರಿಯ ಕೊಕ್ಕು ಹಿಡಿದು ಬೆರಳಿನಿಂದ ಒತ್ತಿದರು. ರಬ್ಬರಿನ ಹಾಗೆ ಬಾಗಿತು. ನನಗೆ ಅಲ್ಲೇ ಕೈಕಾಲು ಬಿದ್ದುಹೋಯಿತು. ಎಲುಬಿಗೆ ರಂಜಕ ಸಿಕ್ಕಿಲ್ಲ ಎಂದರು ಅವರು.

ಆಮೇಲೆ ಅವರ ಹತ್ತಿರ ಕೂತು ತಿಳಿದುಕೊಂಡೆ. ಗೋವಿನಜೋಳದಲ್ಲಿ, ಸೋಯಾ ಹಿಂಡಿಯಲ್ಲಿ ರಂಜಕ ಇದೆ. ಆದರೆ ಅದರ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಫೈಟೇಟ್ ರೂಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕೋಳಿಯ ಹೊಟ್ಟೆಗೆ ತೀರಾ ಕಡಿಮೆ, ಹೆಚ್ಚಿನದು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಫೈಟೇಸ್ ಎಂಬ ಎಂಜೈಮ್ ಆ ಗಂಟು ಬಿಚ್ಚುತ್ತದೆ. ಇದು ಸುಳ್ಳಲ್ಲ, ನಿಜಕ್ಕೂ ಒಳ್ಳೆಯ ವಸ್ತು, ನಾನು ಇವತ್ತಿಗೂ ಹಾಕುತ್ತೇನೆ. ಆದರೆ ಒಂದು ಕಿಲೋ ಫೀಡಿಗೆ 500 ಯೂನಿಟ್ (ಎಂಜೈಮಿನ ಶಕ್ತಿಯ ಅಳತೆ) ಫೈಟೇಸ್ ಹಾಕಿದರೆ ಟನ್‌ಗೆ ಐದಾರು ಕಿಲೋ ಡಿಸಿಪಿ ಕಡಿಮೆ ಮಾಡಬಹುದು, ಅಷ್ಟೇ. ಹದಿನಾರಕ್ಕೆ ಹದಿನಾರೂ ಅಲ್ಲ! ಇನ್ನೊಂದು ತಪ್ಪು ನನ್ನದೇ. ಪುಡಿಯನ್ನು ತಗಡಿನ ಕೋಣೆಯಲ್ಲಿ ಇಟ್ಟಿದ್ದೆ. ಹೊರಗೇ 42 ಡಿಗ್ರಿ ಇದ್ದಾಗ ತಗಡಿನ ಕೆಳಗೆ ಎಷ್ಟಿರುತ್ತದೆ ನೀವೇ ಯೋಚಿಸಿ. ಎಂಜೈಮ್ ಅಂದರೆ ಪ್ರೋಟೀನು, ಬಿಸಿಗೆ ಅದರ ಶಕ್ತಿ ಇಳಿಯುತ್ತದೆ. ಇದನ್ನು ಒಬ್ಬರೂ ಹೇಳಿರಲಿಲ್ಲ. ಆ ಬ್ಯಾಚ್ 42 ದಿನಕ್ಕೆ ಒಂದೂವರೆ ಕಿಲೋ ದಾಟಲಿಲ್ಲ, ಎರಡು ಕಿಲೋ ಬರಬೇಕಾಗಿದ್ದವು.

ಕಲಸುವ ಲೆಕ್ಕವೂ ಹಾಗೇ. ಗ್ರಾಂಗೆ 5,000 ಯೂನಿಟ್ ಇರುವ ಪುಡಿಯಾದರೆ ಟನ್‌ಗೆ 100 ಗ್ರಾಂ ಸಾಕು. ಆ ನೂರು ಗ್ರಾಮನ್ನು ನೇರ ಒಂದು ಟನ್ ರಾಶಿಗೆ ಎರಚಿದರೆ ಒಂದು ಕೋಳಿಗೆ ಸಿಗುತ್ತದೆ, ಇನ್ನೊಂದಕ್ಕಿಲ್ಲ. ಮೊದಲು ಒಂದು ಕಿಲೋ ಹಿಟ್ಟಿಗೆ, ಆಮೇಲೆ ಹತ್ತು ಕಿಲೋಗೆ ಕಲಸಿ, ಕೊನೆಗೆ ರಾಶಿಗೆ ಸೇರಿಸಬೇಕು.

ಇನ್ನು ಕಾಳಿನ ನಾರು ಒಡೆಯುವ ಎಂಜೈಮ್‌ಗಳನ್ನು ಝೈಲನೇಸ್, ಬೀಟಾ ಗ್ಲುಕನೇಸ್ ಅಂತ ಮಾರುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ಯುರೋಪಿನಲ್ಲಿ, ಕೆನಡಾದಲ್ಲಿ ಕೋಳಿಗೆ ಗೋಧಿ, ಬಾರ್ಲಿ ಜಾಸ್ತಿ ಹಾಕುತ್ತಾರೆ. ಆ ಕಾಳುಗಳ ನಾರು ಕರುಳಿನಲ್ಲಿ ಗೋಂದಿನ ಹಾಗೆ ಅಂಟಾಗಿ ಹಿಕ್ಕೆ ನೀರಾಗುತ್ತದೆ, ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗುತ್ತದೆ. ಅಲ್ಲಿ ಈ ಎಂಜೈಮ್ ಹಾಕಿದರೆ ಕಣ್ಣಿಗೆ ಕಾಣುವಷ್ಟು ಲಾಭ. ನಮ್ಮ ಗೋವಿನಜೋಳದಲ್ಲಿ ಆ ಅಂಟು ತೀರಾ ಕಡಿಮೆ. ಹಾಗಿರುವಾಗ ಅಲ್ಲಿಯ ಲಾಭದ ಅಂಕಿ ತೋರಿಸಿ ಇಲ್ಲಿ ಮಾರುವುದು ಸರಿಯಾ? ಕಾಳು ಯಾವುದು ಎಂದು ಮೊದಲು ಕೇಳಬೇಕು, ಎಂಜೈಮ್ ಆಮೇಲೆ.

ನಮ್ಮ ಭಾಗಕ್ಕೆ ನಮ್ಮದೇ ಕಾಳುಗಳಿವೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಮಿಲ್ಲುಗಳಲ್ಲಿ ನುಚ್ಚು, ತೌಡು ಸಿಗುತ್ತದೆ. ನುಚ್ಚಿನಲ್ಲಿ ನಾರು ಕಡಿಮೆ, ಚೆನ್ನಾಗಿ ಅರಗುತ್ತದೆ, ದರ ಇಳಿದಾಗ ಗೋವಿನಜೋಳದ ಒಂದು ಪಾಲಿನ ಬದಲು ಅದನ್ನೇ ಹಾಕಬಹುದು. ತೌಡಿನಲ್ಲಿ ನಾರೂ ಜಾಸ್ತಿ, ಫೈಟೇಟೂ ಜಾಸ್ತಿ. ತೌಡು ಹಾಕುವವರಿಗೆ ಫೈಟೇಸ್, ಝೈಲನೇಸ್ ಎರಡೂ ಸ್ವಲ್ಪ ಕೆಲಸಕ್ಕೆ ಬರುತ್ತವೆ. ಎಣ್ಣೆ ತೆಗೆಯದ ತೌಡು ಬೇಗ ಕಮಟು ಹಿಡಿಯುತ್ತದೆ, ಹೊಸದೇ ಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಸಜ್ಜೆಯಲ್ಲಿ ಗೋವಿನಜೋಳಕ್ಕಿಂತ ಪ್ರೋಟೀನ್ ಹೆಚ್ಚು. ಆದರೆ 2025–26ರ ಬೆಂಬಲ ಬೆಲೆ ನೋಡಿ, ಗೋವಿನಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ, ಸಜ್ಜೆಗೆ 2,775 ಇತ್ತು. ಮಾರುಕಟ್ಟೆಯಲ್ಲಿ ಸಜ್ಜೆ ದರ ಬಿದ್ದಾಗ ಮಾತ್ರ ಲೆಕ್ಕ ಕೂಡುತ್ತದೆ. ಬಿಳಿಜೋಳವನ್ನು ನಾನು ಹಾಕುವುದಿಲ್ಲ. ಅದು ನಮ್ಮ ರೊಟ್ಟಿಯ ಕಾಳು, ಬೆಲೆಯೂ ಹೆಚ್ಚು. ನುಚ್ಚು, ಸಜ್ಜೆ ತಿಂದ ಕೋಳಿಯ ಕಾಲು ಬಿಳಚಿಕೊಳ್ಳುತ್ತದೆ ಎಂದು ಕೆಲವು ವ್ಯಾಪಾರಿಗಳು ದರ ಇಳಿಸುತ್ತಾರೆ. ಹಳದಿ ಬಣ್ಣ ಬರುವುದು ಗೋವಿನಜೋಳದಿಂದ. ಬಿಳಿಚು ಕಾಲು ಅಂದರೆ ರೋಗ ಅಲ್ಲ, ಇಲ್ಲಿ ಚರ್ಮ ಸುಲಿದೇ ಮಾರುತ್ತಾರೆ, ಮತ್ತೆ ಬಣ್ಣದ ಮಾತು ಯಾಕೆ?

ಬೂಷ್ಟು ಹಿಡಿದ ಕಾಳಿಗೂ ಎಂಜೈಮ್ ಪರಿಹಾರ ಎಂದು ಹೇಳುವವರಿದ್ದಾರೆ. ಫೈಟೇಸ್, ಝೈಲನೇಸ್‌ಗೆ ಬೂಷ್ಟಿನ ವಿಷ ತೆಗೆಯುವ ಶಕ್ತಿ ಇಲ್ಲ. ಕಾಳಿನ ತೇವ ನೂರಕ್ಕೆ 12–13 ಮೀರದ ಹಾಗೆ ಒಣಗಿಸಿ ಇಡಬೇಕು, ಇಲ್ಲದಿದ್ದರೆ ಕೋಳಿಯ ಯಕೃತ್ತಿಗೇ (ಲಿವರ್) ಏಟು.

ನಾನು ಕೇಳುವುದು ಎರಡು. ಪೊಟ್ಟಣದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಇಷ್ಟು ಬರೆಯಲಿ: ಯಾವ ಎಂಜೈಮ್, ಗ್ರಾಂಗೆ ಎಷ್ಟು ಯೂನಿಟ್, ಯಾವ ಕಾಳಿನ ಫೀಡಿಗೆ, ಟನ್‌ಗೆ ಎಷ್ಟು ಗ್ರಾಂ, ಡಿಸಿಪಿ ಎಷ್ಟು ಕಿಲೋ ಇಳಿಸಬಹುದು, ಎಷ್ಟು ಬಿಸಿಯವರೆಗೆ ತಡೆಯುತ್ತದೆ, ಯಾವ ತಾರೀಕಿನವರೆಗೆ ಬಳಸಬಹುದು. ಎರಡನೆಯದು, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರದವರು, ಪಶುಸಂಗೋಪನಾ ಇಲಾಖೆಯವರು ಸೇರಿ ಬೇಸಿಗೆ ಬರುವ ಮೊದಲೇ ನಮ್ಮಂಥ ಸಣ್ಣ ಫಾರಂನವರನ್ನು ಒಂದು ದಿನ ಕರೆದು ಫೀಡ್ ಕಲಸುವುದನ್ನು ಕೈಯಾರೆ ತೋರಿಸಲಿ. ನಾವು ನಮ್ಮ ನಮ್ಮ ಕಾಳಿನ ಮಾದರಿ ತರುತ್ತೇವೆ, ತೇವ ಎಷ್ಟಿದೆ, ಬೂಷ್ಟು ಇದೆಯಾ ನೋಡಿ ಹೇಳಲಿ. ಮಾರ್ಚ್ ಒಳಗೆ ಆದರೆ ಅನುಕೂಲ, ಏಪ್ರಿಲ್ ಮೊದಲ ವಾರಕ್ಕೆ ನನ್ನ ಮುಂದಿನ ಮರಿಗಳು ಬರುತ್ತವೆ.

— ಒಬ್ಬ ಕೋಳಿ ಸಾಕಣೆದಾರ, ಕಾರಟಗಿ, ಕೊಪ್ಪಳ ಜಿಲ್ಲೆ